ಮೈದುಂಬಿದ ಮರಿಗಳೇ ಸತ್ತಾಗ

ಬಡಕಲು ಮರಿ ಸತ್ತರೆ ಮನಸ್ಸು ಹೇಗೋ ಒಪ್ಪಿಕೊಳ್ಳುತ್ತದೆ. ಸಂಜೆವರೆಗೂ ಕುಣಿದಾಡಿದ, ಮೈದುಂಬಿದ ಮರಿ ಬೆಳಗಾಗುವಷ್ಟರಲ್ಲಿ ಕತ್ತು ಹಿಂದಕ್ಕೆ ಸೆಟೆದು ಬಿದ್ದಿದ್ದರೆ ಏನಂತ ಒಪ್ಪಿಕೊಳ್ಳೋಣ? ಮಳವಳ್ಳಿ ಸೀಮೆಯಲ್ಲಿ ಬಂಡೂರು ಕುರಿ ಸಾಕುವವರ ಬಾಯಲ್ಲಿ ಕಾರಣಗಳು ಬೇಗ ಹುಟ್ಟುತ್ತವೆ: ದೃಷ್ಟಿ ತಾಗಿದೆ, ಹಾವು ಮುಟ್ಟಿದೆ, ಯಾರೋ ಏನೋ ಹಾಕಿದ್ದಾರೆ. ಹೊತ್ತೇರುವ ಮೊದಲೇ ಗುಂಡಿ ತೋಡಿ ಹೂತುಬಿಡುತ್ತಾರೆ.

ನಮ್ಮದು ದೊಡ್ಡ ಮಂದೆಯಲ್ಲ. ಗೂಟಕ್ಕೆ ಕಟ್ಟಿ, ಕೈಯಾರೆ ಮೇವು ಹಾಕಿ ಸಾಕುವ ಕೆಲವೇ ಕುರಿ. ಗಿಡ್ಡ ಕಾಲು, ಅಗಲ ಮೈ, ಕೊಂಬಿಲ್ಲದ ತಲೆ. ಸಾಮಾನ್ಯವಾಗಿ ಸೂಲಿಗೆ ಒಂದೇ ಮರಿ. ಬೇರೆ ತಳಿ ಬೆರೆತು ಅಸಲಿ ಬಂಡೂರು ಅಪರೂಪವಾಗಿರುವಾಗ ಒಂದು ಹೆಣ್ಣುಮರಿ ಹೋದರೆ ದುಡ್ಡಿನ ಜೊತೆ ತಳಿಯೂ ಅಷ್ಟು ಕರಗಿತೆಂದೇ ಲೆಕ್ಕ.

ನಾಲೆಗೆ ನೀರು ಬಿಟ್ಟು, ಮುಂಗಾರೂ ಚೆನ್ನಾಗಿ ಹಿಡಿದ ವರ್ಷ ನಮ್ಮ ಒಳ್ಳೊಳ್ಳೆ ಮರಿಗಳೇ ಒಂದರ ಹಿಂದೊಂದು ಸತ್ತವು. ಅವ್ವ ಹರಕೆ ಕಟ್ಟಿಕೊಂಡಳು. ನಾನು ಆ ಬೆಳಿಗ್ಗೆ ಸತ್ತದ್ದನ್ನು ಗೋಣಿಚೀಲದಲ್ಲಿ ಸುತ್ತಿ ಬೈಕಿನಲ್ಲಿ ಪಶು ಆಸ್ಪತ್ರೆಗೆ ಒಯ್ದೆ. “ಕೊಳೆಯೋಕೆ ಮುಂಚೆ ತಂದೆಯಲ್ಲ, ಒಳ್ಳೇದಾಯ್ತು ಕಣಪ್ಪ” ಎಂದು ಡಾಕ್ಟರು ಹೊಟ್ಟೆ ಕೊಯ್ದರು. ಕರುಳು ಕೆಂಪಗಾಗಿತ್ತು. ಹೃದಯದ ಸುತ್ತಲ ಚೀಲದಲ್ಲಿ ನೀರು ತುಂಬಿತ್ತು. ಮೂತ್ರಪಿಂಡ ಬೆರಳಲ್ಲಿ ಒತ್ತಿದರೆ ಮೆತ್ತಗೆ ಕುಸಿಯುತ್ತಿತ್ತು. ಮೂತ್ರಚೀಲದಿಂದ ತೊಟ್ಟು ತೆಗೆದು, ಸಕ್ಕರೆ ಕಾಯಿಲೆ ನೋಡುವ ಪಟ್ಟಿಯ ಮೇಲೆ ಬಿಟ್ಟರು. ಬಣ್ಣ ತಿರುಗಿತು. ಕರುಳುಬೇನೆ ಎಂದರು.

ಈ ಬೇನೆಯ ರೋಗಾಣು ಚೆನ್ನಾಗಿರುವ ಕುರಿಯ ಕರುಳಲ್ಲೂ ಇರುತ್ತದಂತೆ. ಮಳೆ ಬಿದ್ದ ಮೇಲಿನ ಎಳೆ ಹುಲ್ಲೋ, ಕಾಳು ಹಿಂಡಿಯೋ ಒಮ್ಮೆಲೇ ಹೆಚ್ಚಾದರೆ ವಿಪರೀತ ಬೆಳೆದು ವಿಷ ಕಾರುತ್ತದೆ. ಹೆಚ್ಚು ಹಾಲು ಕುಡಿದ, ಹೆಚ್ಚು ಮೇದ ಮರಿಗಳೇ ಅದಕ್ಕೆ ಮೊದಲು ಬಲಿ. ಔಷಧಿ ತರುವಷ್ಟು ಹೊತ್ತೂ ಸಿಗುವುದಿಲ್ಲ, ಹಾಗಾಗಿ ಲಸಿಕೆಯೇ ದಾರಿ. ಅದು ಬೆಂಗಳೂರಿನ ಹೆಬ್ಬಾಳದಲ್ಲೇ ತಯಾರಾಗುತ್ತದೆ. ತಾಯಿಗೆ ಲಸಿಕೆ ಆಗಿದ್ದರೆ ಮರಿಗೆ 4 ತಿಂಗಳಲ್ಲಿ, ಆಗಿರದಿದ್ದರೆ ಹುಟ್ಟಿದ ಮೊದಲ ವಾರದಲ್ಲೇ. 15 ದಿನ ಬಿಟ್ಟು ಇನ್ನೊಮ್ಮೆ. ಆಮೇಲೆ ಪ್ರತಿವರ್ಷ ಮುಂಗಾರಿಗೆ ಮುಂಚೆ, ಮೇ ತಿಂಗಳಲ್ಲಿ.

ಈಗ ಹಸಿ ಹುಲ್ಲು ಹಾಕುವ ಮುಂಚೆ ರಾಗಿಹುಲ್ಲು ತಿನ್ನಿಸುತ್ತೇನೆ. ಹಿಂಡಿ ಏರಿಸುವುದಿದ್ದರೆ ದಿನಕ್ಕಿಷ್ಟಿಷ್ಟೇ. ಹುಟ್ಟಿದ ಗಂಟೆಯೊಳಗೆ ಗಿಣ್ಣುಹಾಲು, ಹೊಕ್ಕುಳಿಗೆ ಟಿಂಚರ್, ಒಣಗಿದ ನೆಲ. ಕೊಟ್ಟಿಗೆ ಜೌಗಾದರೆ ರಕ್ತಭೇದಿ ಕಾದು ಕುಳಿತಿರುತ್ತದೆ, ಅದಕ್ಕೆ ಯಾವ ಲಸಿಕೆಯೂ ನಮ್ಮ ಕೈಲಿಲ್ಲ.

ಇಷ್ಟಾದರೂ ಕಳೆದ ಕಾರ್ತೀಕದಲ್ಲಿ ಒಂದು ಹೆಣ್ಣುಮರಿ ಸತ್ತಿತು. ಅದನ್ನೂ ಕೊಯ್ಯಿಸಿದೆ, ತುಣುಕುಗಳನ್ನು ಪ್ರಯೋಗಾಲಯಕ್ಕೂ ಕಳಿಸಿದರು. ಏನೂ ಸಿಗಲಿಲ್ಲ. ತಾಯಿಯದೇ ದೋಷ, ಮಾರಿಬಿಡು ಎಂದರು ನೆಂಟರು. ವರದಿಯಲ್ಲೇ ಇಲ್ಲದ ದೋಷವನ್ನು ಆ ಕುರಿಯ ತಲೆಗೆ ಕಟ್ಟಲು ನನಗೆ ಮನಸ್ಸು ಬರಲಿಲ್ಲ. ಅದೀಗ ಮತ್ತೆ ಗಬ್ಬ. ಗಿಣ್ಣುಹಾಲಲ್ಲೇ ಮರಿಗೆ ರಕ್ಷಣೆ ಸಿಗಲೆಂದು ಈಯುವುದಕ್ಕೆ ತಿಂಗಳ ಮುಂಚೆಯೇ ಲಸಿಕೆ ಹಾಕಿಸಿದ್ದೇನೆ.