ಕಣ್ಣೆವೆಯ ಅರ್ಬುದ ಮತ್ತು ಅದರ ನಿದಾನ

ಕಕ್ಕುಲತೆಯಿಂದ ಕಾಪಾಡುವುದನ್ನು ನಮ್ಮ ಜನರು ‘ಕಣ್ಣಿಗೆ ರೆಪ್ಪೆಯ ಹಾಗೆ’ ಎಂಬ ಮಾತಿನಿಂದ ಬಣ್ಣಿಸುತ್ತಾರೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಬಿಸಿಲು, ಧೂಳು, ರಾಶಿಯ ಹೊಟ್ಟುಗಳ ನಡುವೆ ದುಡಿಯುವವರಿಗೆ ಈ ಮಾತಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಂಗೈಯ ಇಷ್ಟಲಿಂಗದಲ್ಲಿ ದೃಷ್ಟಿಯನ್ನು ನೆಲೆಗೊಳಿಸುವ ಶಿವಭಕ್ತನಿಗೂ ರೆಪ್ಪೆಯ ಉಪಕಾರ ಸಾಮಾನ್ಯವಾದುದಲ್ಲ. ಅಂಥ ರೆಪ್ಪೆಯಲ್ಲಿಯೇ ಅರ್ಬುದ, ಎಂದರೆ ಕ್ಯಾನ್ಸರ್ ಗಂಟು, ಹುಟ್ಟುವುದುಂಟು. ಬೇಲಿಯೇ ಎದ್ದು ಹೊಲ ಮೇದಂತೆ ಅದು ತಾನು ಕಾಯಬೇಕಾದ ಕಣ್ಣನ್ನೂ, ಒಮ್ಮೊಮ್ಮೆ ಪ್ರಾಣವನ್ನೂ ಅಪಹರಿಸುತ್ತದೆ. ರೋಗವೇನೋ ಅಪರೂಪದ್ದು, ಅಪರೂಪವಾದುದರಿಂದಲೇ ಅದು ಗುರುತು ಸಿಕ್ಕದೆ ಬೆಳೆಯುತ್ತದೆ. ಅದನ್ನು ಮೊದಲು ಕಾಣುವವರು ವೈದ್ಯರಲ್ಲ, ಮನೆಯವರು. ಆದುದರಿಂದ ಇದರ ತಿಳಿವಳಿಕೆ ಎಲ್ಲರಿಗೂ ಅವಶ್ಯವಾದುದು.

ನಮ್ಮ ಪ್ರಾಚೀನರು ಈ ವಿಷಯದಲ್ಲಿ ತೋರಿದ ಸೂಕ್ಷ್ಮತೆ ಗಮನಾರ್ಹವಾದುದು. ಸುಶ್ರುತಸಂಹಿತೆಯ ಉತ್ತರತಂತ್ರದಲ್ಲಿ ಎಣಿಸಿರುವ 76 ನೇತ್ರರೋಗಗಳಲ್ಲಿ 21 ರೆಪ್ಪೆಗೆ ಸೇರಿದವು. ಅವುಗಳಲ್ಲಿ ಮೂರನ್ನು ಇಲ್ಲಿ ನೆನೆಯಬೇಕು. ‘ಅಂಜನನಾಮಿಕಾ’ ಎಂಬುದು ಉರಿ, ಚುಚ್ಚುವಿಕೆಗಳಿಂದ ಕೂಡಿದ, ತಾಮ್ರವರ್ಣದ ಸಣ್ಣ ಗುಳ್ಳೆ. ‘ಲಗಣ’ವೆಂಬುದು ಕೀವುಗಟ್ಟದ, ನೋವಿಲ್ಲದ, ಬೋರೆಹಣ್ಣಿನ ಪ್ರಮಾಣದ ಗಟ್ಟಿ ಗಂಟು. ‘ಅರ್ಬುದ’ವೆಂಬುದು ರೆಪ್ಪೆಯ ಒಳಗಡೆ ಇರುವ, ಏರುತಗ್ಗಾದ, ಕೆಂಪು ಛಾಯೆಯ ಗಂಟು, ಅದಕ್ಕೂ ನೋವಿಲ್ಲ. ಈ ಅರ್ಬುದವು ಇಂದಿನ ವೈದ್ಯರು ಹೇಳುವ ಕ್ಯಾನ್ಸರೇ ಎಂದು ಸಾಧಿಸುವುದು ನಮ್ಮ ಉದ್ದೇಶವಲ್ಲ. ಆದರೆ ಲಗಣ, ಅರ್ಬುದಗಳೆರಡೂ ನೋವಿಲ್ಲದವೆಂದು ಹೇಳಿ, ಆದರೂ ಅವನ್ನು ಬೇರೆ ಬೇರೆಯಾಗಿ ಹೆಸರಿಸಿದ ವಿವೇಕವನ್ನು ಮೆಚ್ಚಬೇಕು. ‘ನೋವಿಲ್ಲ, ಆದುದರಿಂದ ಭಯವಿಲ್ಲ’ ಎಂಬ ನಮ್ಮ ಜನರ ತರ್ಕಕ್ಕೆ ಅಲ್ಲಿಯೇ ಉತ್ತರವಿದೆ.

ಇನ್ನು ಆಧುನಿಕ ವೈದ್ಯಶಾಸ್ತ್ರದ ಮಾತು. ರೆಪ್ಪೆಯ ಒಳಗೆ ಗಡುಸಾದ ಒಂದು ಫಲಕವಿದ್ದು, ಅದರಲ್ಲಿ ಜಿಡ್ಡನ್ನು ಸ್ರವಿಸುವ ಗ್ರಂಥಿಗಳು ಸಾಲಾಗಿ ನಿಂತಿವೆ. 1666ರಲ್ಲಿ ಇವನ್ನು ವರ್ಣಿಸಿದ ಜರ್ಮನ್ ವೈದ್ಯ ಹೈನ್ರಿಖ್ ಮೈಬೋಮನ ಹೆಸರಿನಿಂದ ಇವು ಮೈಬೋಮಿಯನ್ ಗ್ರಂಥಿಗಳೆನಿಸಿವೆ. ಈ ಜಿಡ್ಡು ಕಣ್ಣೀರಿನ ಮೇಲೆ ತೆಳ್ಳಗೆ ಹರಡಿ ಅದು ಬೇಗನೆ ಆರಿಹೋಗದಂತೆ ತಡೆಯುತ್ತದೆ. ಗ್ರಂಥಿಯ ಬಾಯಿ ಕಟ್ಟಿ ಜಿಡ್ಡು ಒಳಗೇ ನಿಂತರೆ ನೋವಿಲ್ಲದ ಗಂಟೊಂದು ಏಳುತ್ತದೆ, ಅದು ಕಲೇಜಿಯನ್. ಕಿರು ಆಲಿಕಲ್ಲು ಎಂಬರ್ಥದ ಗ್ರೀಕ್ ಪದವಿದು. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯ ಶಾಖದಿಂದ ಇದು ಕೆಲವು ವಾರಗಳಲ್ಲಿ ಕರಗುವುದುಂಟು. ಕರಗದಿದ್ದರೆ ವೈದ್ಯರು ಕೊಯ್ದು ತೆಗೆಯುತ್ತಾರೆ. ನಿರಪಾಯಕರವಾದ ರೋಗ.

ಅಪಾಯವಿರುವುದು ಇದರ ಹೋಲಿಕೆಯಲ್ಲಿ. ಅದೇ ಜಿಡ್ಡಿನ ಗ್ರಂಥಿಗಳಲ್ಲಿ ಹುಟ್ಟುವ ಸೆಬೇಸಿಯಸ್ ಕ್ಯಾನ್ಸರ್ ಮೊದಮೊದಲು ಕಲೇಜಿಯನ್ನಿನ ವೇಷವನ್ನೇ ಧರಿಸಿ ಬರುತ್ತದೆ. ಒಮ್ಮೊಮ್ಮೆ ಗಂಟೇ ಇಲ್ಲದೆ, ರೆಪ್ಪೆ ದಪ್ಪಗಾಗಿ, ಕಣ್ಣು ಕೆಂಪಾಗಿ, ಹಳೆಯ ಕಣ್ಣುಬೇನೆಯಂತೆ ತೋರುತ್ತದೆ. ಇದು ಮೇಲಿನ ರೆಪ್ಪೆಯಲ್ಲಿ ಹೆಚ್ಚು, ವಯಸ್ಸಾದವರಲ್ಲಿ ಹೆಚ್ಚು. ಪಾಶ್ಚಾತ್ಯ ದೇಶಗಳಲ್ಲಿ ರೆಪ್ಪೆಯ ಕ್ಯಾನ್ಸರುಗಳ ಪೈಕಿ ಚರ್ಮದಿಂದ ಹುಟ್ಟುವ ಬೇಸಲ್ ಸೆಲ್ ಜಾತಿಯದೇ ಬಹುಪಾಲು. ಅಲ್ಲಿ ಸೆಬೇಸಿಯಸ್ ಜಾತಿ ತೀರ ವಿರಳ. ಭಾರತದಲ್ಲಿ ಸ್ಥಿತಿ ಬೇರೆ. ಹೈದರಾಬಾದಿನ ಎಲ್. ವಿ. ಪ್ರಸಾದ್ ಕಣ್ಣಿನ ಸಂಸ್ಥೆಯ ವೈದ್ಯರು ತಮ್ಮ ರೋಗಿಗಳನ್ನು ಕುರಿತು ಪ್ರಕಟಿಸಿದ ಅಧ್ಯಯನದಲ್ಲಿ ಸೆಬೇಸಿಯಸ್ ಜಾತಿಯೇ ಮೊದಲನೆಯ ಸ್ಥಾನದಲ್ಲಿದೆ. ಪರದೇಶದ ಗ್ರಂಥಗಳಲ್ಲಿ ವಿರಳವೆಂದು ಬರೆದುದು ನಮ್ಮಲ್ಲಿಯೂ ಅಷ್ಟೇ ವಿರಳವೆಂದು ಭಾವಿಸಲಾಗದು.

ಅಲಂಕಾರಶಾಸ್ತ್ರದಲ್ಲಿ ಭ್ರಾಂತಿ, ಸಂದೇಹಗಳೆಂಬ ಎರಡನ್ನು ಬೇರೆಯಾಗಿ ಹೇಳುತ್ತಾರೆ. ಹಾವನ್ನು ಹಗ್ಗವೆಂದೇ ನಂಬಿದರೆ ಭ್ರಾಂತಿ. ಹಾವೋ ಹಗ್ಗವೋ ಎಂದು ನಿಂತು ನೋಡಿದರೆ ಸಂದೇಹ. ಕಾವ್ಯದಲ್ಲಿ ಎರಡೂ ಶೋಭಿಸುತ್ತವೆ. ರೋಗದಲ್ಲಿ ಭ್ರಾಂತಿ ಕೊಲ್ಲುತ್ತದೆ, ಸಂದೇಹ ಕಾಯುತ್ತದೆ. ಸಂದೇಹಕ್ಕೆ ಎಡೆಗೊಡುವ ಲಕ್ಷಣಗಳು ಇವು: ಒಮ್ಮೆ ತೆಗೆಸಿದ ಗಂಟು ಅದೇ ಸ್ಥಳದಲ್ಲಿ ಮತ್ತೆ ಏಳುವುದು, ಗಂಟಿರುವಲ್ಲಿ ರೆಪ್ಪೆಯ ಕೂದಲು ಉದುರುವುದು, ಗಂಟು ಹಳದಿ ಛಾಯೆಗೆ ತಿರುಗುವುದು, ಹುಣ್ಣಾಗಿ ರಕ್ತ ಒಸರುವುದು, ಒಂದೇ ಕಣ್ಣು ತಿಂಗಳುಗಟ್ಟಲೆ ಕೆಂಪಾಗಿದ್ದು ಔಷಧಿಗೆ ಬಗ್ಗದಿರುವುದು, ಕಿವಿಯ ಮುಂದೆ ಅಥವಾ ದವಡೆಯ ಕೆಳಗೆ ಗಡ್ಡೆ ಕೈಗೆ ಸಿಗುವುದು. ಇವುಗಳಲ್ಲಿ ಒಂದೇ ಕಂಡರೂ, ಅದರಲ್ಲಿಯೂ ಐವತ್ತು ದಾಟಿದವರಲ್ಲಿ ಕಂಡರೆ, ಕಾಯುತ್ತ ಕುಳಿತಿರಬಾರದು.

ಈ ಸಂದೇಹವನ್ನು ನಿವಾರಿಸುವ ಕ್ರಮ ಹೀಗಿದೆ. ವೈದ್ಯರು ಮೊದಲು ರೆಪ್ಪೆಯನ್ನು ಮಗುಚಿ ಒಳಮೈಯನ್ನು ಪರೀಕ್ಷಿಸುತ್ತಾರೆ. ಕಿವಿಯ ಮುಂದೆ, ಕತ್ತಿನಲ್ಲಿ ಗಡ್ಡೆಗಳಿವೆಯೇ ಎಂದು ಮುಟ್ಟಿ ನೋಡುತ್ತಾರೆ. ಆದರೆ ಕಣ್ಣಿನ ನೋಟವೊಂದೇ ಸಾಲದು. ಗಂಟಿನ ತುಣುಕನ್ನು ಆಳದವರೆಗೆ ತೆಗೆದು ಸೂಕ್ಷ್ಮದರ್ಶಕದ ಕೆಳಗೆ ನೋಡುವ ಬಯಾಪ್ಸಿಯೇ ಕೊನೆಯ ಪ್ರಮಾಣ. ಈ ಕ್ಯಾನ್ಸರು ಮೇಲಿನ ಪದರದಲ್ಲಿ ನಡುನಡುವೆ ಹಾರಿ ಹರಡಬಲ್ಲುದರಿಂದ, ರೆಪ್ಪೆಯ ಒಳಪೊರೆಯ ಹಲವು ಕಡೆಗಳಿಂದ ಸಣ್ಣ ಸಣ್ಣ ಚೂರುಗಳನ್ನೂ ತೆಗೆಯುವುದುಂಟು. ಸಂದೇಹವೇನೆಂಬುದನ್ನು ಪರೀಕ್ಷಿಸುವ ತಜ್ಞರಿಗೆ ಬರೆದು ತಿಳಿಸುವುದು ಅವಶ್ಯ. ಈ ಕೋಶಗಳು ಇತರ ಜಾತಿಯ ಕ್ಯಾನ್ಸರನ್ನು ಹೋಲಿ ತಜ್ಞರನ್ನೂ ವಂಚಿಸಬಲ್ಲವು. ಎಲ್ಲಕ್ಕಿಂತ ಮುಖ್ಯವಾಗಿ, ಮರುಕಳಿಸಿದ ಗಂಟನ್ನು ಕೊಯ್ದಾಗ ಬಂದ ಅಂಶವನ್ನು ಎಸೆಯಲಾಗದು. ಅದನ್ನು ಫಾರ್ಮಲಿನ್ ದ್ರವದಲ್ಲಿಟ್ಟು ಪರೀಕ್ಷೆಗೆ ಕಳುಹಿಸಲೇಬೇಕು. ‘ಪರೀಕ್ಷೆಗೆ ಕಳುಹಿಸಿದಿರಾ?’ ಎಂದು ವಿನಯದಿಂದ ಕೇಳುವ ಅಧಿಕಾರ ರೋಗಿಯ ಮನೆಯವರಿಗಿದೆ.

‘ಬಯಾಪ್ಸಿ ಮಾಡಿಸಿದರೆ ರೋಗ ಕೆರಳುತ್ತದೆ’ ಎಂಬ ಭೀತಿ ನಮ್ಮ ಹಳ್ಳಿಗಳಲ್ಲಿ ಬೇರೂರಿದೆ. ಇದಕ್ಕೆ ಆಧಾರವಿಲ್ಲ. ಕೆರಳಿಸುವುದು ಪರೀಕ್ಷೆಯಲ್ಲ, ವಿಳಂಬ. ಗಂಟು ಚಿಕ್ಕದಿರುವಾಗ ಅಂಚಿನವರೆಗೆ ಪೂರ್ಣವಾಗಿ ತೆಗೆದು, ರೆಪ್ಪೆಯನ್ನು ಮರಳಿ ಕಟ್ಟಿ, ಕಣ್ಣನ್ನೂ ದೃಷ್ಟಿಯನ್ನೂ ಉಳಿಸುವುದು ಬಹುಮಟ್ಟಿಗೆ ಸಾಧ್ಯ. ಕಣ್ಣುಗೂಡಿನೊಳಗೆ ಇಳಿದ ಮೇಲೆ ಕಣ್ಣನ್ನೇ ತೆಗೆಯಬೇಕಾದೀತು. ದುಗ್ಧಗ್ರಂಥಿಗಳಿಗೂ ಅಲ್ಲಿಂದಾಚೆಗೂ ಹಬ್ಬಿದರೆ ಪ್ರಾಣಕ್ಕೇ ಸಂಚಕಾರ. ರೋಗವನ್ನು ಗುರುತಿಸುವುದಕ್ಕೆ ‘ನಿದಾನ’ವೆಂದು ಹೆಸರು, ತಡಮಾಡುವುದಕ್ಕೆ ‘ನಿಧಾನ’ವೆನ್ನುತ್ತೇವೆ. ಬರಹದಲ್ಲಿ ಒಂದು ಮಹಾಪ್ರಾಣಾಕ್ಷರದ ಅಂತರ. ಬಾಳಿನಲ್ಲಿ ಪ್ರಾಣದ್ದೇ ಅಂತರ.

ನೇತ್ರಸೇವೆ ನಮ್ಮ ಸೀಮೆಗೆ ಹೊಸತಲ್ಲ. ಅಖಂಡ ವಿಜಾಪುರ ಜಿಲ್ಲೆಯ ಬೀಳಗಿಯಲ್ಲಿ ಜನಿಸಿ, ಊರೂರಿಗೆ ಶಿಬಿರಗಳನ್ನು ಒಯ್ದು ಕಣ್ಣಿನ ಪೊರೆ ತೆಗೆದು, 1968ರಲ್ಲಿ ಪದ್ಮಭೂಷಣ ಪ್ರಶಸ್ತಿಗೆ ಪಾತ್ರರಾದ ಡಾ. ಎಂ. ಸಿ. ಮೋದಿಯವರು ಹಾಕಿದ ದಾರಿ ಇಂದಿಗೂ ಮಾಸಿಲ್ಲ. ಶಿಬಿರಗಳಲ್ಲಿ ಎಲ್ಲರ ಗಮನ ಪೊರೆಯ ಮೇಲಿರುವುದು ಸಹಜ. ಅದರೊಡನೆ ವೃದ್ಧರ ರೆಪ್ಪೆಯನ್ನೂ ಒಮ್ಮೆ ಮಗುಚಿ ನೋಡುವ, ‘ಈ ಗಂಟು ಹಿಂದೆಯೂ ಆಗಿತ್ತೇ?’ ಎಂದು ಕೇಳುವ ಪದ್ಧತಿ ಸೇರಿದರೆ ಖರ್ಚು ಹೆಚ್ಚದು, ಫಲ ಹೆಚ್ಚೀತು. ಮುಂದಿನ ಪರೀಕ್ಷೆಗೆ ಈ ನಾಲ್ಕೂ ತಾಲೂಕುಗಳವರಿಗೆ ವಿಜಯಪುರದ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳು ಸಮೀಪ. ಹೆಚ್ಚಿನ ಚಿಕಿತ್ಸೆಗೆ ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆಯೂ ಕಿದ್ವಾಯಿ ಗಂಥಿ ಸಂಸ್ಥೆಯೂ ಇವೆ.

ಶಿಕ್ಷಕಬಂಧುಗಳು ಆರೋಗ್ಯದ ಪಾಠ ಹೇಳುವಾಗ ಈ ಲಕ್ಷಣಗಳನ್ನು ಮಕ್ಕಳಿಗೆ ಹೇಳಲಿ. ಮಕ್ಕಳು ಮನೆಗೆ ಹೋಗಿ ಅಜ್ಜ ಅಜ್ಜಿಯರ ಕಣ್ಣುಗಳನ್ನು ನೋಡಲಿ. ವೈದ್ಯರಾಗಿರುವ ಹಳೆಯ ವಿದ್ಯಾರ್ಥಿಗಳು ಶ್ರೀಮಠದ ಶಿಬಿರಗಳಿಗೆ ತಮ್ಮ ಒಂದು ದಿನವನ್ನು ಕೊಡಲಿ. ದಾನಿಗಳು ಒಬ್ಬ ಬಡ ರೋಗಿಯ ಬಯಾಪ್ಸಿಯ ಖರ್ಚನ್ನು, ಅವನೊಡನೆ ಆಸ್ಪತ್ರೆಗೆ ಹೋಗುವವರ ಬಸ್ಸಿನ ಖರ್ಚನ್ನು ವಹಿಸಿಕೊಂಡರೆ ಅದೂ ದಾಸೋಹವೇ. ಕಾಯಕವೇ ಕೈಲಾಸವೆಂದು ಬಾಳುವ ಜನರಿಗೆ ಕಾಯಕ ನಡೆಯಬೇಕಾದರೆ ಕಣ್ಣು ಬೇಕು. ಆ ಕಣ್ಣಿಗೆ ರೆಪ್ಪೆ ಕಾವಲು. ಆ ರೆಪ್ಪೆಗೆ ನಾವು ಕಾವಲಾಗೋಣ.