ನಮ್ಮ ಹೊಲದ ಮಣ್ಣು, ಅವರ ಗಜನಿ

ನಮ್ಮದು ಕಲಘಟಗಿ ಕಡೆಯ ಮಳೆಯಾಶ್ರಿತ ಹೊಲ. ಹೊಲದ ಕೆಳಗಿನ ಹಳ್ಳ ಬೇಡ್ತಿಗೆ ಸೇರುತ್ತದೆ. ಬೇಡ್ತಿ ಮಾಗೋಡಿನಲ್ಲಿ ಧುಮುಕಿ, ಅಂಕೋಲೆ ಸೀಮೆಯಲ್ಲಿ ಗಂಗಾವಳಿ ಅನ್ನಿಸಿಕೊಂಡು ಸಮುದ್ರ ಮುಟ್ಟುತ್ತದೆ. ಅದರ ಅಳಿವೆ ನೋಡಿದ್ದು ಮಾತ್ರ ಹೋದ ವರ್ಷ, ದೀಪಾವಳಿ ಮುಂದೆ, ಮಂಜಗುಣಿಯಲ್ಲಿ.

ಅಲ್ಲಿನ ತಗ್ಗು ಗದ್ದೆಗಳಿಗೆ ಗಜನಿ ಅಂತಾರೆ. ಉಬ್ಬರದಲ್ಲಿ ಉಪ್ಪುನೀರು ಏರುವ ಜಾಗ. ಹಿಂದಿನವರು ಮಣ್ಣಿನ ಒಡ್ಡು ಹಾಕಿ ಬಾಗಿಲು ಇಟ್ಟರು. ಮಳೆ ಹಿಡಿದ ಮೇಲೆ ಇಳಿತದಲ್ಲಿ ಬಾಗಿಲು ತೆಗೆದರೆ ಗದ್ದೆಯ ಉಪ್ಪು ತೊಳೆದು ಹೋಗುತ್ತದೆ, ಉಬ್ಬರದಲ್ಲಿ ಮುಚ್ಚುವುದು. ಆಮೇಲೆ ಮೊಳಕೆ ಕಟ್ಟಿದ ಕಗ್ಗ ಭತ್ತ ಚೆಲ್ಲುತ್ತಾರೆ. ಗೊಬ್ಬರ ಇಲ್ಲ, ನದಿ ತಂದ ಹೂಳೇ ಗೊಬ್ಬರ. ಕೊಯ್ಲಾದ ಮೇಲೆ ಬಾಗಿಲು ತೆರೆದರೆ ಮೀನು, ಸಿಗಡಿ ಒಳಗೆ ಬಂದು ಕೊಳೆತ ಕೂಳೆ ತಿಂದು ಬೆಳೆಯುತ್ತವೆ.

ಕಗ್ಗದ ತೆನೆ ಕೈಯಲ್ಲಿ ಹಿಡಿದು ನೋಡಿದೆ. ಉದ್ದ ಮೀಸೆ, ಕೆಂಪು ಅಕ್ಕಿ, ಎತ್ತರದ ಹುಲ್ಲು. ಮೀಸೆ ಇದ್ದರೆ ಹಕ್ಕಿ ಮುಟ್ಟುವುದು ಕಡಿಮೆ, ಎತ್ತರ ಇದ್ದರೆ ನೆರೆ ತಡೆಯುತ್ತದೆ. ಬೀಜ ಆರಿಸಿದವರು ನಾವು ಅಂತೀವಿ. ಇಲ್ಲಿ ಅರ್ಧ ಆರಿಸಿದ್ದು ಉಪ್ಪು. ಬದುಕಿ ಉಳಿದ ತೆನೆಯನ್ನೇ ರೈತ ಬೀಜಕ್ಕೆ ಇಟ್ಟ, ಅಷ್ಟೇ.

ಒಡ್ಡು ಎಲ್ಲರದ್ದು. ಒಬ್ಬ ಸಿಗಡಿ ಕೆರೆಗೆ ಉಪ್ಪುನೀರು ಕಟ್ಟಿದರೆ ಪಕ್ಕದವನ ಭತ್ತಕ್ಕೂ ಉಪ್ಪು. 1990ರ ದಶಕದಲ್ಲಿ ಸಿಗಡಿ ಆಸೆಗೆ ಎಷ್ಟೋ ಗಜನಿ ಭತ್ತ ಬಿಟ್ಟಿತು. ಬಿಳಿಚುಕ್ಕೆ ರೋಗ ಬಂದು ಸಿಗಡಿಯೂ ಹೋಯಿತು.

ಕಾರವಾರದ ಕಾಳಿಗೆ ಸೂಪಾ, ಕೊಡಸಳ್ಳಿ, ಕದ್ರಾ ಅಂತ ಒಡ್ಡಿನ ಮೇಲೆ ಒಡ್ಡು. ಮೇಲಿನ ಹೂಳು ಅಲ್ಲೇ ಕೂರುತ್ತದೆ. ಗಂಗಾವಳಿಗೆ ಅಂಥ ದೊಡ್ಡ ಅಣೆಕಟ್ಟು ಇಲ್ಲ, ನಮ್ಮ ಮಣ್ಣು ಅಳಿವೆವರೆಗೂ ಬರುತ್ತದೆ. ಹಾಗಂತ ಮಣ್ಣೆಲ್ಲ ಒಳ್ಳೇದಲ್ಲ. 2024ರ ಜುಲೈ 16ರಂದು ಶಿರೂರಿನಲ್ಲಿ ಹೆದ್ದಾರಿ ಪಕ್ಕದ ಗುಡ್ಡ ಜರಿದು ಇದೇ ನದಿಗೆ ಬಿತ್ತು. ಆಚೆ ದಂಡೆಯ ಉಳುವರೆಯ ಮನೆಗಳಿಗೆ ನೀರು ನುಗ್ಗಿ ಬಡಿಯಿತು.

ಗದ್ದೆಯ ಹಿರಿಯರ ಹತ್ತಿರ, "ಯಜಮಾನ್ರ, ಒಂದು ಹಿಡಿ ಕಗ್ಗ ಕೊಡ್ರಿ, ಬಿತ್ತಿ ನೋಡ್ತೀನಿ" ಅಂದೆ. ಅವರು ನಕ್ಕರು. "ಕೊಡ್ವೆ ತಮಾ. ಆದ್ರೆ ಉಪ್ಪಿನ ಭತ್ತ ನಿನ್ನ ಗುಡ್ಡಕ್ಕೆ ಯಾಕೆ? ನಿಂದೇ ಭತ್ತ ಎಲ್ಲಿ?"

ನನಗೆ ಉತ್ತರ ಹೊರಡಲಿಲ್ಲ. ಅಪ್ಪ ಮುಂಗಾರಿಗೆ ಮೊದಲೇ ಕೂರಿಗೆಯಲ್ಲಿ ಬಿತ್ತುತ್ತಿದ್ದ ಭತ್ತ ಕೆರೆ ಕಾಲುವೆ ಕೇಳುತ್ತಿರಲಿಲ್ಲ. ಗೋವಿನಜೋಳದ ರೇಟು ನೋಡಿ ನಾನೇ ಅದನ್ನು ಬಿಟ್ಟೆ. ಕಣಜದಲ್ಲಿ ಉಳಿದ ಬೀಜವನ್ನೂ ಕುಟ್ಟಿಸಿ ಉಂಡೆವು. ಈಗ ಇಳಿಜಾರಿಗೆ ಅಡ್ಡಲಾಗಿ ಇದ್ದ ಬದುಗಳೂ ಟ್ರ್ಯಾಕ್ಟರಿಗೆ ತೊಡಕು ಅಂತ ಹೋಗಿವೆ. ಜೋರು ಮಳೆಗೆ ಹಳ್ಳ ಕೆಂಪಗೆ ಹರಿಯುತ್ತದೆ.

ಬೀಗರ ಊರಲ್ಲಿ ಹುಡುಕಿ ನಾಲ್ಕು ಸೇರು ಕೂರಿಗೆ ಭತ್ತ ತಂದಿದ್ದೇನೆ. ಐದು ಗುಂಟೆಗೆ ಬಿತ್ತಿ ಬೀಜ ಮಾಡಬೇಕು. ಹಳ್ಳದ ಕಡೆಯ ಬದು ಇನ್ನೂ ಅರ್ಧ ಬಾಕಿ ಇದೆ.