ಮೂರ್ಛೆಯು ಕಲಿಸುವ ಪಾಠ

ಬೆಳಗಿನ ಪ್ರಾರ್ಥನಾಕೂಟದಲ್ಲಿ ಬಹಳ ಹೊತ್ತು ನಿಂತಿರುವಾಗ ಬಾಲಕಿಯೊಬ್ಬಳ ಮುಖವು ಬಿಳಿಚಿಕೊಂಡು, ಹಣೆಯ ಮೇಲೆ ತಣ್ಣನೆಯ ಬೆವರು ಮೂಡಿ, ಆಕೆಯು ತಟ್ಟನೆ ಕುಸಿದು ಬೀಳುವುದನ್ನು ನಮ್ಮಲ್ಲಿ ಅನೇಕರು ಕಂಡಿರುವೆವು. ಒಮ್ಮೆ ಹಾಗೆ ಬಿದ್ದವಳನ್ನು ನಾವು ನಾಲ್ವರು ಕೂಡಿ ಎತ್ತಿ, ಕುರ್ಚಿಯಲ್ಲಿ ನೆಟ್ಟಗೆ ಕುಳ್ಳಿರಿಸಿ, ಬಾಯಿಗೆ ನೀರು ಹಾಕಲು ಯತ್ನಿಸಿದೆವು. ಆಕೆಗೆ ಎಚ್ಚರವಾಗಲಿಲ್ಲ, ತಲೆಯು ಮತ್ತಷ್ಟು ಜೋತುಬಿದ್ದಿತು. ಅಷ್ಟರಲ್ಲಿ ಬಂದ ದಾದಿಯೊಬ್ಬರು ಆಕೆಯನ್ನು ನೆಲದ ಮೇಲೆ ಮಲಗಿಸಿ, ಕಾಲುಗಳನ್ನು ಒಂದು ಮಣೆಯ ಮೇಲೆ ಎತ್ತಿಡಿಸಿದರು. ಅರೆನಿಮಿಷದೊಳಗೆ ಆಕೆಯು ಕಣ್ತೆರೆದಳು. ನಾವು ಪ್ರೀತಿಯಿಂದ ಮಾಡಿದ ಉಪಚಾರವು ಅಪಕಾರವಾದುದೇಕೆ? ರಕ್ತಪರಿಚಲನೆಗೂ ನರಮಂಡಲಕ್ಕೂ ಇರುವ ಸಂಬಂಧವನ್ನು ಅರಿತರೆ ಇದಕ್ಕೆ ಉತ್ತರವು ದೊರೆಯುವುದು.

ಹೃದಯವೂ ರಕ್ತನಾಳಗಳೂ

ಹೃದಯವು ಎದೆಗೂಡಿನಲ್ಲಿ ಎರಡು ಶ್ವಾಸಕೋಶಗಳ ನಡುವೆ, ಸ್ವಲ್ಪ ಎಡಕ್ಕೆ ವಾಲಿಕೊಂಡು, ಹೆಚ್ಚು ಕಡಿಮೆ ಅವರವರ ಮುಷ್ಟಿಯ ಗಾತ್ರದಲ್ಲಿರುವ ಮಾಂಸಲವಾದ ಅವಯವ. ಇದರಲ್ಲಿ ನಾಲ್ಕು ಕೋಣೆಗಳುಂಟು. ಮೇಲಿನವೆರಡಕ್ಕೆ ಹೃತ್ಕರ್ಣಗಳೆಂದೂ ಕೆಳಗಿನವೆರಡಕ್ಕೆ ಹೃತ್ಕುಕ್ಷಿಗಳೆಂದೂ ಹೆಸರು. ಬಲಭಾಗವು ದೇಹವನ್ನೆಲ್ಲ ಸುತ್ತಿ ಬಂದ ರಕ್ತವನ್ನು ಶ್ವಾಸಕೋಶಗಳಿಗೆ ಕಳುಹಿಸುವುದು. ಎಡಭಾಗವು ಅಲ್ಲಿಂದ ಆಮ್ಲಜನಕವನ್ನು ಹೊತ್ತು ಬಂದ ರಕ್ತವನ್ನು ದೇಹಕ್ಕೆಲ್ಲ ನೂಕುವುದು.

ಹೃದಯದಿಂದ ರಕ್ತವನ್ನು ಒಯ್ಯುವ ನಾಳಗಳು ಅಪಧಮನಿಗಳು. ಹೃದಯಕ್ಕೆ ಮರಳಿ ತರುವವು ಅಭಿಧಮನಿಗಳು. ರಕ್ತವು ಹೀಗೆ ಸುತ್ತುತ್ತಿರುವುದೆಂದು ಇಂಗ್ಲೆಂಡಿನ ವಿಲಿಯಂ ಹಾರ್ವೆಯು 1628ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಸಾಧಿಸಿ ತೋರಿಸಿದನು. ಆದರೆ ಎರಡು ಬಗೆಯ ನಾಳಗಳನ್ನು ಜೋಡಿಸುವ ಕೊಂಡಿಯು ಅವನ ಕಣ್ಣಿಗೆ ಬೀಳಲಿಲ್ಲ. ಕೂದಲಿಗಿಂತಲೂ ಸೂಕ್ಷ್ಮವಾದ ಆ ಲೋಮನಾಳಗಳನ್ನು ಇಟಲಿಯ ಮಾರ್ಸೆಲ್ಲೊ ಮಾಲ್ಪೀಗಿಯು ಕಪ್ಪೆಯ ಶ್ವಾಸಕೋಶದಲ್ಲಿ ಸೂಕ್ಷ್ಮದರ್ಶಕದಿಂದ ಕಂಡು 1661ರಲ್ಲಿ ವರ್ಣಿಸಿದನು.

ಪ್ರಾಯದವರ ದೇಹದಲ್ಲಿ ಸುಮಾರು 5 ಲೀಟರು ರಕ್ತವಿರುವುದು. ವಿಶ್ರಾಂತಿಯಲ್ಲಿರುವಾಗ ಹೃದಯವು ನಿಮಿಷಕ್ಕೆ ಸುಮಾರು 70 ಸಲ ಬಡಿದು, ಹೆಚ್ಚು ಕಡಿಮೆ ಅಷ್ಟು ರಕ್ತವನ್ನೂ ಒಂದು ನಿಮಿಷದಲ್ಲಿ ನೂಕುವುದು. ಕಾಲಿನ ರಕ್ತವು ಬಾವಿಯ ನೀರಿನಂತೆ ಕೆಳಗಿನಿಂದ ಮೇಲಕ್ಕೆ ಏರಬೇಕಷ್ಟೆ. ನಾವು ನಡೆಯುವಾಗ ಮೀನಖಂಡದ ಸ್ನಾಯುಗಳು ಅಭಿಧಮನಿಗಳನ್ನು ಹಿಂಡಿ ರಕ್ತವನ್ನು ಮೇಲಕ್ಕೆ ದೂಡುವುವು. ಆ ನಾಳಗಳೊಳಗಿನ ಕವಾಟಗಳು ಅದನ್ನು ಕೆಳಗಿಳಿಯಗೊಡಿಸವು. ಅಲುಗಾಡದೆ ನಿಂತರೆ ಈ ಸಹಾಯವು ತಪ್ಪಿ, ರಕ್ತವು ಕಾಲುಗಳಲ್ಲಿ ತಂಗುವುದು.

ಮಿದುಳೂ ನರಗಳೂ

ಮಿದುಳು, ಬೆನ್ನುಹುರಿ, ಅವುಗಳಿಂದ ಹೊರಡುವ ನರಗಳು, ಇವೆಲ್ಲ ಕೂಡಿ ನರಮಂಡಲವಾಗುವುದು. ಮಿದುಳಿನಿಂದ 12 ಜೊತೆ, ಬೆನ್ನುಹುರಿಯಿಂದ 31 ಜೊತೆ ನರಗಳು ಹೊರಡುವುವು. ಕೆಲವು ನರತಂತುಗಳು ಕಣ್ಣು, ಕಿವಿ, ಚರ್ಮಗಳ ಸುದ್ದಿಯನ್ನು ಒಳಗೆ ತರುವುವು. ಕೆಲವು ಆಜ್ಞೆಯನ್ನು ಹೊರಗೆ ಒಯ್ಯುವುವು. ಮಿದುಳಿನ ತೂಕವು ದೇಹದ ತೂಕದಲ್ಲಿ ನೂರಕ್ಕೆ ಎರಡು ಪಾಲು ಮಾತ್ರ. ಆದರೆ ದೇಹವು ವಿಶ್ರಾಂತಿಯಲ್ಲಿ ಬಳಸುವ ಆಮ್ಲಜನಕದಲ್ಲಿ ಸುಮಾರು ಐದನೆಯ ಒಂದು ಪಾಲು ಅದಕ್ಕೇ ಬೇಕು. ಅದನ್ನು ಕೂಡಿಟ್ಟುಕೊಳ್ಳಲು ಮಿದುಳಿಗೆ ಉಗ್ರಾಣವಿಲ್ಲ. ರಕ್ತವು ನಿಂತುಹೋದರೆ ಸುಮಾರು ಹತ್ತು ಸೆಕೆಂಡುಗಳಲ್ಲಿ ಪ್ರಜ್ಞೆಯು ತಪ್ಪುವುದು.

ಇವೆರಡರ ಸಂಬಂಧ

ಹೃದಯವು ತಾನಾಗಿಯೇ ಬಡಿಯಬಲ್ಲದು. ಆ ಬಡಿತವನ್ನು ಹೆಚ್ಚು ಕಡಿಮೆ ಮಾಡುವುದು ನರಗಳ ಕೆಲಸ. ಬೆನ್ನುಹುರಿಯಿಂದ ಬರುವ ಕೆಲವು ನರಗಳು ಅದನ್ನು ಚುರುಕುಗೊಳಿಸುವುವು. ಮಿದುಳಿನ ಬುಡದಿಂದ ಇಳಿದು ಬರುವ ವೇಗಸ್ ನರವು ಅದನ್ನು ನಿಧಾನಗೊಳಿಸುವುದು. ಹೆಸರನ್ನು ಕೇಳಿ ನಮ್ಮ ವಿದ್ಯಾರ್ಥಿನಿಯರು ಮೋಸಹೋಗಬಾರದು. ಲ್ಯಾಟಿನ್ ಭಾಷೆಯಲ್ಲಿ ಆ ಶಬ್ದಕ್ಕೆ ಅಲೆಯುವುದೆಂದು ಅರ್ಥ. ಕತ್ತಿನಿಂದ ಹೊಟ್ಟೆಯವರೆಗೆ ಅಲೆಯುವುದರಿಂದ ಅದಕ್ಕೆ ಆ ಹೆಸರು. 1921ರಲ್ಲಿ ಆಟೊ ಲೋವಿ ಎಂಬ ವಿಜ್ಞಾನಿಯು ಕಪ್ಪೆಯ ಹೃದಯವೊಂದರ ಈ ನರವನ್ನು ಕೆರಳಿಸಿ, ಆ ಹೃದಯದೊಳಗಿದ್ದ ದ್ರವವನ್ನು ಇನ್ನೊಂದು ಹೃದಯಕ್ಕೆ ಸೇರಿಸಿದಾಗ ಅದೂ ನಿಧಾನವಾಯಿತು. ನರದ ಆಜ್ಞೆಯು ಒಂದು ರಾಸಾಯನಿಕ ವಸ್ತುವಿನ ಮೂಲಕ ಹೃದಯವನ್ನು ಮುಟ್ಟುವುದೆಂದು ಹೀಗೆ ತಿಳಿದುಬಂದಿತು. 1936ರಲ್ಲಿ ಅವರಿಗೂ ಹೆನ್ರಿ ಡೇಲ್ ಅವರಿಗೂ ನೊಬೆಲ್ ಪಾರಿತೋಷಕವು ದೊರೆಯಿತು.

ನಾವು ಎದ್ದು ನಿಂತೊಡನೆ ನರಗಳು ನಾಳಗಳನ್ನು ಬಿಗಿಗೊಳಿಸಿ, ಹೃದಯವನ್ನು ಚುರುಕುಗೊಳಿಸಿ, ತಲೆಗೆ ರಕ್ತವು ಕಡಿಮೆಯಾಗದಂತೆ ನೋಡಿಕೊಳ್ಳುವುವು. ಸೆಕೆ, ಬಾಯಾರಿಕೆ, ಭಯ, ಗಾಯದ ದರ್ಶನ ಮೊದಲಾದ ಕಾರಣಗಳಿಂದ ಕೆಲವೊಮ್ಮೆ ಈ ಏರ್ಪಾಡು ತಲೆಕೆಳಗಾಗುವುದು. ವೇಗಸ್ ನರವು ಹೃದಯವನ್ನು ತಡೆಯುವುದು, ನಾಳಗಳು ಸಡಿಲಗೊಳ್ಳುವುವು, ರಕ್ತದ ಒತ್ತಡವು ಇಳಿಯುವುದು. ಎಲ್ಲಕ್ಕಿಂತ ಎತ್ತರದಲ್ಲಿರುವ ಮಿದುಳಿಗೇ ಮೊದಲು ಕೊರತೆ. ಆಗ ಮನುಷ್ಯನು ಬೀಳುವನು. ಬಿದ್ದುದರಿಂದ ತಲೆಯೂ ಹೃದಯವೂ ಸಮಮಟ್ಟಕ್ಕೆ ಬಂದು ರಕ್ತವು ಸುಲಭವಾಗಿ ಮಿದುಳನ್ನು ಸೇರುವುದು. ಪ್ರಕೃತಿಯು ಮಲಗಿಸಿದವಳನ್ನು ನಾವು ಎತ್ತಿ ಕುಳ್ಳಿರಿಸಿದ್ದೆವು. ನಮ್ಮ ತಪ್ಪು ಇದೇ.

ನಾವು ಮಾಡತಕ್ಕದ್ದು

ಬಿದ್ದವರನ್ನು ಅಂಗಾತ ಮಲಗಿಸಿ, ಉಸಿರಾಟವನ್ನು ನೋಡಬೇಕು. ಕಾಲುಗಳನ್ನು ಒಂದು ಮೊಳದಷ್ಟು ಎತ್ತಿಡಬೇಕು. ಕತ್ತಿನ ಹಾಗೂ ನಡುವಿನ ಬಿಗಿಯುಡುಪನ್ನು ಸಡಿಲಿಸಬೇಕು. ಸುತ್ತಲಿನ ಗುಂಪನ್ನು ಚದುರಿಸಬೇಕು. ಪೂರ್ಣವಾಗಿ ಎಚ್ಚರವಾಗುವವರೆಗೆ ಬಾಯಿಗೆ ನೀರನ್ನಾಗಲಿ ಬೇರೇನನ್ನಾಗಲಿ ಹಾಕಕೂಡದು; ಅದು ಶ್ವಾಸನಾಳಕ್ಕೆ ಇಳಿಯಬಹುದು. ಎಚ್ಚರವಾದ ಮೇಲೂ ಕೆಲವು ನಿಮಿಷ ಮಲಗಿರಲಿ. ಒಂದು ನಿಮಿಷದೊಳಗೆ ಎಚ್ಚರವಾಗದಿದ್ದರೆ, ಉಸಿರಾಟವು ಕೆಟ್ಟಿದ್ದರೆ, ಎದೆನೋವಿದ್ದರೆ, ಓಡುವಾಗ ಬಿದ್ದಿದ್ದರೆ, ತಡಮಾಡದೆ ವೈದ್ಯರ ಸಹಾಯವನ್ನು ಪಡೆಯತಕ್ಕದ್ದು.

ಆ ಬಾಲಕಿಯು ಬಳಿಕ ಹೇಳಿದ ಮಾತು ನಮ್ಮ ಮನಸ್ಸಿನಲ್ಲಿ ಉಳಿದಿದೆ. ಬೆಳಿಗ್ಗೆ ಏನನ್ನೂ ತಿಂದಿರಲಿಲ್ಲವಂತೆ. ಬೀಳುವುದಕ್ಕೆ ಮೊದಲೇ ಕಣ್ಣು ಕತ್ತಲೆಗಟ್ಟಿತ್ತಂತೆ. ಎಲ್ಲರೆದುರು ಕುಳಿತುಕೊಳ್ಳಲು ನಾಚಿಕೆಯಾಯಿತಂತೆ. ಸೋದರಿಯರೇ, ಇದರಲ್ಲಿ ನಾಚಿಕೆಪಡತಕ್ಕದ್ದು ಏನೂ ಇಲ್ಲ. ಬೆಳಗಿನ ಆಹಾರವನ್ನು ಬಿಡಬೇಡಿರಿ, ನೀರನ್ನು ಕುಡಿಯಿರಿ, ನಿಂತಲ್ಲಿಯೇ ಕಾಲ್ಬೆರಳುಗಳ ಮೇಲೆ ಆಗಾಗ ಏರಿ ಇಳಿಯಿರಿ. ಕಣ್ಣು ಮಂಜಾದೊಡನೆ ಯಾರ ಅಪ್ಪಣೆಗೂ ಕಾಯದೆ ಕುಳಿತುಕೊಳ್ಳಿರಿ. ಪಕ್ಕದವಳು ಕುಳಿತರೆ ನಗದೆ, ಆಕೆಯ ಬಳಿ ನೀವೂ ಕುಳಿತುಕೊಳ್ಳಿರಿ.